ಕೆಂಪು ಗುಡ್ಡದಲ್ಲಿ ಅಪ್ಪನ ಜೊತೆ ಎರಡು ದಿನ

ಕಳೆದ ವರ್ಷ ಆಫೀಸ್ ಕೆಲಸದ ಮೇಲೆ ಹತ್ತು ದಿನ ಸ್ಪೇನ್‌ಗೆ ಹೋಗಿದ್ದೆ. ಕೆಲಸ ಇದ್ದದ್ದು ಮ್ಯಾಡ್ರಿಡ್‌ನಲ್ಲಿ. ಅಷ್ಟು ದೂರ ಹೋಗಿದ್ದಕ್ಕೆ ಕೊನೆಗೆ ಎರಡು ದಿನ ರಜೆ ಹಾಕಿ, ದಕ್ಷಿಣದ ಗ್ರಾನಡಾಗೆ ರೈಲು ಹತ್ತಿದೆ. ಅಲ್ಲಿ ಬೆಟ್ಟದ ಮೇಲೆ ಅಲ್ಹಂಬ್ರಾ ಅನ್ನೋ ಕೋಟೆ ಇದೆ. ಕೋಟೆ, ಅರಮನೆ, ತೋಟ ಎಲ್ಲ ಸೇರಿ ಒಂದು ಊರೇ. ವಾಪಸ್ ಬಂದ ಮೇಲೆ ಫೋನನ್ನ ಟಿವಿಗೆ ಕನೆಕ್ಟ್ ಮಾಡಿ ನಾನೂರು ಫೋಟೊ ತೋರಿಸಿದೆ. ಐವತ್ತು ಮುಗಿಯೋ ಹೊತ್ತಿಗೆ ಅಮ್ಮ "ಒಲೆ ಮೇಲೆ ಸಾರಿದೆ" ಅಂತ ಎದ್ದು ಹೋದಳು. ಅಪ್ಪ ಮಾತ್ರ ಕೂತೇ ಇದ್ದರು.

"ಅಲ್ಹಂಬ್ರಾ ಅಂದ್ರೇನು ಅರ್ಥ?" ಅಂದರು.

"ಅರಬ್ಬಿ ಮಾತು ಅಪ್ಪ. ಅಲ್ ಹಮ್ರಾ ಅಂದ್ರೆ ಕೆಂಪನೆಯದು ಅಂತ. ಆ ಗುಡ್ಡದ ಮಣ್ಣೇ ಕೆಂಪು, ಗೋಡೆಗಳಿಗೂ ಅದೇ ಬಣ್ಣ."

ಅಪ್ಪ ಸ್ವಲ್ಪ ಹೊತ್ತು ಟಿವಿ ನೋಡಿದರು. "ಹಾಗಾದ್ರೆ ಅದು ಅವರ ಕೆಮ್ಮಣ್ಣುಗುಂಡಿ ಅನ್ನು."

ನನಗೆ ನಗು ಬಂತು. "ನೀವು ಯಾವಾಗ ನೋಡಿದ್ರಿ ಕೆಮ್ಮಣ್ಣುಗುಂಡಿನ?"

"ನೋಡೋದೇನು ಬಂತು? ಏಳನೇ ಕ್ಲಾಸಿನವರೆಗೆ ಅಲ್ಲೇ ಇದ್ದಿದ್ದು ನಾನು."

ನನಗೆ ಮೂವತ್ತೊಂದು ವರ್ಷ. ಅಪ್ಪನ ಊರು ಭದ್ರಾವತಿ ಅಂತಲೇ ಎಲ್ಲ ಫಾರ್ಮ್‌ಗಳಲ್ಲೂ ತುಂಬಿದ್ದೇನೆ. ಅಜ್ಜ 'ಕಬ್ಬಿಣದ ಕಾರ್ಖಾನೇಲಿ' ಇದ್ದರು ಅಂತ ಗೊತ್ತಿತ್ತು. ಕಾರ್ಖಾನೆ ಅಂದರೆ ಚಿಮಣಿ, ಸೈರನ್, ಕ್ವಾರ್ಟರ್ಸ್ ಅಂದುಕೊಂಡಿದ್ದೆ. ಅವರು ಇದ್ದದ್ದು ಗಣಿಯಲ್ಲಿ, ಬೆಟ್ಟದ ತುದಿಯಲ್ಲಿ. ಅದನ್ನ ಮನೆಯಲ್ಲಿ ಯಾರೂ ಮುಚ್ಚಿಟ್ಟಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ.

"ಹೋಗೋಣ ಅಪ್ಪ, ಮುಂದಿನ ವಾರಾನೇ" ಅಂದೆ. ಆ ಮುಂದಿನ ವಾರ ಬರೋಕೆ ಏಳು ತಿಂಗಳು ಬೇಕಾಯ್ತು. ಒಂದ್ಸಲ ರಿಲೀಸ್ ಇತ್ತು, ಒಂದ್ಸಲ ಫ್ರೆಂಡ್ ಮದುವೆ, ಇನ್ನೊಂದ್ಸಲ ಸುಮ್ಮನೆ ಸುಸ್ತು. ಮೂರು ಸಲ ರೂಮ್ ಕ್ಯಾನ್ಸಲ್ ಮಾಡಿದೆ. ಅಷ್ಟರಲ್ಲಿ ಅಪ್ಪನ ಬಲ ಮಂಡಿ ಹೋಯ್ತು. ಡಾಕ್ಟರು "ಮೆಟ್ಟಿಲು, ಏರು ಎಲ್ಲ ಇನ್ನು ಬೇಡ" ಅಂದರು. ಆ ವಾರ ಮ್ಯಾನೇಜರ್‌ಗೆ ಮೆಸೇಜ್ ಹಾಕಿ, ಉತ್ತರ ಬರೋ ಮುಂಚೇನೇ ರೂಮ್ ಬುಕ್ ಮಾಡಿದೆ.

ಬಯಲು ಮುಗಿದು ಮಲೆ ಶುರು

ಬೆಂಗಳೂರಿಂದ ಕೆಮ್ಮಣ್ಣುಗುಂಡಿಗೆ ಹತ್ತಿರ ಹತ್ತಿರ 250 ಕಿಲೋಮೀಟರ್. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ. ಶಿವಮೊಗ್ಗದ ರೈಲು ಹಿಡಿದವರು ತರೀಕೆರೇಲಿ ಇಳಿದು, ಲಿಂಗದಹಳ್ಳಿ ದಾರಿಯಲ್ಲಿ ಬಸ್ಸೋ ಟ್ಯಾಕ್ಸಿಯೋ ಹಿಡಿಯಬಹುದು. ನಾವು ಅಪ್ಪನ ಮಂಡಿ ನೆನೆದು ಕಾರಲ್ಲೇ ಹೊರಟೆವು. ನವೆಂಬರ್, ಮಳೆ ನಿಂತು ಹಸಿರು ಇನ್ನೂ ಇಳಿಯದ ಸಮಯ.

ಈ ದಾರಿಯಲ್ಲಿ ನನಗೆ ಇಷ್ಟವಾದದ್ದು ನೆಲ ಬದಲಾಗೋ ರೀತಿ. ಕಡೂರು ಅಂದರೆ ಪಕ್ಕಾ ಬಯಲುಸೀಮೆ. ತೆಂಗು, ರಾಗಿ, ಬಿಸಿಲು. ಬಲಕ್ಕೆ ತಿರುಗಿದರೆ ಅಜ್ಜಂಪುರ, ಅಮೃತಮಹಲ್ ತಳಿಯ ದನಗಳನ್ನ ಸಾಕೋ ಸರ್ಕಾರಿ ಕೇಂದ್ರ ಇರೋ ಊರು. ಬೀರೂರು ದಾಟಿ ತರೀಕೆರೆ ಹತ್ತಿರ ಬರುವಾಗ ಎಡಗಡೆ ಬೆಟ್ಟದ ಸಾಲು ಗೋಡೆ ಥರ ಎದ್ದು ನಿಲ್ಲುತ್ತೆ. ಅದು ಬಾಬಾಬುಡನ್‌ಗಿರಿ ಶ್ರೇಣಿ. ಅರ್ಧಚಂದ್ರನ ಆಕಾರಕ್ಕೆ ಬಾಗಿರೋದರಿಂದ ಚಂದ್ರದ್ರೋಣ ಅಂತಲೂ ಹೆಸರು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಇದೇ ಸಾಲಿನದ್ದು. ಕೆಮ್ಮಣ್ಣುಗುಂಡಿ ಇದೇ ಸಾಲಿನ ಉತ್ತರದ ಕಡೆ, 1,434 ಮೀಟರ್ ಎತ್ತರದಲ್ಲಿದೆ.

ಲಿಂಗದಹಳ್ಳಿ ದಾಟಿದ ಮೇಲೆ ಕಾರಿನ ಗ್ಲಾಸ್ ಇಳಿಸಿ ಅಂದರು ಅಪ್ಪ. ಏಸಿ ಆಫ್ ಮಾಡಿದೆ. ಅಡಿಕೆ ತೋಟ, ಆಮೇಲೆ ಕಾಫಿ, ಆಮೇಲೆ ಕಾಡು. ರಸ್ತೆ ಕಿರಿದು, ತಿರುವು ಜಾಸ್ತಿ. ಹೊಸದಾಗಿ ಡ್ರೈವಿಂಗ್ ಕಲಿತವರು ರೀಲ್ಸ್ ನೋಡಿ ಹುರುಪಲ್ಲಿ ಇಲ್ಲಿಗೆ ಕಾರು ತರಬೇಡಿ, ದಯವಿಟ್ಟು. ಎದುರಿಗೆ ಬಸ್ ಬಂದರೆ ಯಾರಾದರೂ ಒಬ್ಬರು ರಿವರ್ಸ್ ಹೋಗಲೇಬೇಕು, ಮತ್ತು ಆ ಒಬ್ಬರು ಬಸ್ಸಿನವರಲ್ಲ.

ಒಂದು ತಿರುವಿನಲ್ಲಿ ಮಣ್ಣಿನ ಬಣ್ಣ ಬದಲಾಯ್ತು. ನಮ್ಮ ಕಡೆ ಹೊಲದಲ್ಲಿ ಕಾಣೋ ಕೆಂಪಲ್ಲ ಇದು. ಕುಂಕುಮಕ್ಕೆ ಒಂಚೂರು ಕಾಫಿ ಪುಡಿ ಬೆರೆಸಿದ ಹಾಗೆ ಗಾಢ. ರಸ್ತೆ ಅಂಚಿನ ಜರೀಗಿಡದ ಬೇರಿಗೂ ಅದೇ ಬಣ್ಣ.

"ಇನ್ನೇನು ಬಂತು" ಅಂದರು ಅಪ್ಪ. ಗೂಗಲ್ ಮ್ಯಾಪ್ ಇನ್ನೂ ಹದಿನಾರು ನಿಮಿಷ ತೋರಿಸ್ತಿತ್ತು.

ಗುಂಡಿಯ ಕಥೆ

ನೀವು ಕೆಮ್ಮಣ್ಣುಗುಂಡಿ ಅಂತ ಹುಡುಕಿದರೆ ಹೂವಿನ ತೋಟ, ಮಂಜು, ಝಡ್ ಪಾಯಿಂಟ್, ಹೆಬ್ಬೆ ಫಾಲ್ಸ್ ಸಿಗುತ್ತೆ. ಹೆಸರನ್ನ ಮಾತ್ರ ಯಾರೂ ಬಿಡಿಸಿ ನೋಡೋಲ್ಲ. ಕೆಂಪು ಮಣ್ಣಿನ ಗುಂಡಿ. ಗುಂಡಿ ಅಂದಮೇಲೆ ಯಾರೋ ಅಗೆದಿರಲೇಬೇಕಲ್ಲ?

ಈ ಬೆಟ್ಟಗಳ ನೆತ್ತಿಯಲ್ಲಿರೋದು ಕಬ್ಬಿಣದ ಅದಿರು. 250 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು; ಭೂವಿಜ್ಞಾನಿಗಳು ಈ ಶಿಲಾಸಮೂಹಕ್ಕೆ 'ಬಾಬಾಬುಡನ್' ಅಂತಲೇ ಹೆಸರಿಟ್ಟಿದ್ದಾರೆ. ಮೈಸೂರು ಸಂಸ್ಥಾನಕ್ಕೆ ತನ್ನದೇ ಒಂದು ಕಬ್ಬಿಣದ ಕಾರ್ಖಾನೆ ಬೇಕು ಅಂತ ಹಟ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಅವರು 1912ರಿಂದ 1918ರವರೆಗೆ ದಿವಾನರು. ಜಾಗ ಆರಿಸಿದ್ದು ಭದ್ರಾ ನದಿ ದಂಡೆಯ ಬೆಂಕಿಪುರ. ಅದೇ ಇವತ್ತಿನ ಭದ್ರಾವತಿ. ಬೆಂಕಿಪುರ ಅನ್ನೋ ಹೆಸರಿನ ಊರಿಗೇ ಕುಲುಮೆ ಬಂದದ್ದು ನೋಡಿ! 1923ರ ಜನವರಿಯಲ್ಲಿ ಅಲ್ಲಿ ಕುಲುಮೆ ಉರಿಯಿತು. ಅದೇ ವರ್ಷದಿಂದ 1929ರವರೆಗೆ ವಿಶ್ವೇಶ್ವರಯ್ಯನವರೇ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ, ನಷ್ಟದಲ್ಲಿದ್ದದ್ದನ್ನ ದಡ ಮುಟ್ಟಿಸೋಕೆ ಹೆಣಗಿದರು.

ಕುಲುಮೆಗೆ ಮೂರು ಬೇಕು: ಅದಿರು, ಸುಣ್ಣಕಲ್ಲು, ಉರುವಲು. ಕಲ್ಲಿದ್ದಲು ನಮ್ಮ ಕಡೆ ಇಲ್ಲ. ಹಾಗಾಗಿ ಮಲೆನಾಡಿನ ಮರ ಸುಟ್ಟು ಇದ್ದಿಲು ಮಾಡಿದರು. ಮರ ಸುಡುವಾಗ ಬರೋ ಹೊಗೆಯನ್ನೂ ಬಿಡದೆ ಹಿಡಿದು ಅದರಿಂದ ಸ್ಪಿರಿಟ್, ಟಾರು ತೆಗೆದರು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಕಬ್ಬಿಣದ ಜೊತೆ 'ವುಡ್ ಡಿಸ್ಟಿಲೇಷನ್' ಇತ್ತು. ಸುಣ್ಣಕಲ್ಲು ಭಂಡಿಗುಡ್ಡದಿಂದ. ಅದಿರು ಕೆಮ್ಮಣ್ಣುಗುಂಡಿಯಿಂದ.

ಅದಿರನ್ನ ಇಷ್ಟೆತ್ತರದಿಂದ ಇಳಿಸೋದು ಹೇಗೆ? ಅದಕ್ಕೇ ರೋಪ್‌ವೇ. ಬೆಟ್ಟದ ಮೇಲಿಂದ ಕೆಳಗಿನ ತಣಿಗೆಬೈಲಿಗೆ ಕಾಡಿನ ಮೇಲೇ ಉಕ್ಕಿನ ಹಗ್ಗ. ಅದಕ್ಕೆ ನೇತುಬಿದ್ದ ಬಕೆಟ್‌ಗಳು. ತಣಿಗೆಬೈಲಿನಿಂದ ಭದ್ರಾವತಿಗೆ ಸಣ್ಣ ಹಳಿಯ ಟ್ರಾಮ್.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಟಿಶ್ಯೂ ಪೇಪರ್ ಮೇಲೆ ಅದನ್ನ ಬರೆದು ತೋರಿಸಿದರು. ಅಪ್ಪ ನಿವೃತ್ತ ಬ್ಯಾಂಕ್ ನೌಕರರು, ಎಂಜಿನಿಯರ್ ಅಲ್ಲ. ಆದರೆ ಚಿತ್ರ ಬರೆಯುವಾಗ ಕೈ ಒಂದು ಸಲವೂ ತಡೀಲಿಲ್ಲ.

"ತುಂಬಿದ ಬಕೆಟ್ ಇಳೀತಾ ಇರುತ್ತೆ, ಖಾಲಿದು ಆ ಕಡೆಯಿಂದ ಹತ್ತುತ್ತಾ ಇರುತ್ತೆ. ಇಳಿಯೋದರ ಭಾರವೇ ಹತ್ತೋದನ್ನ ಎಳೆಯುತ್ತೆ, ಬಾವಿಗೆ ಎರಡು ಕೊಡ ಕಟ್ಟಿದ ಹಾಗೆ. ನಿಮ್ಮಜ್ಜ ಇದ್ದದ್ದು ಇಲ್ಲಿ, ತುಂಬೋ ಕಡೆ" ಅಂತ ಟಿಶ್ಯೂ ಮೂಲೆಯಲ್ಲಿ ಒಂದು ಚುಕ್ಕಿ ಇಟ್ಟರು. "ದಿನಾ ಸದ್ದು. ಕರ್ರ್... ಟಕ್. ಕರ್ರ್... ಟಕ್. ಭಾನುವಾರ ಸದ್ದು ನಿಂತ್ರೆ ನಮಗೆ ಮಧ್ಯಾಹ್ನದ ನಿದ್ದೇನೇ ಬರ್ತಿರಲಿಲ್ಲ."

ಗಣಿಗಾರಿಕೆ ನಿಂತು ತುಂಬ ಕಾಲವಾಯ್ತು. ಸುತ್ತಲಿನ ಕಾಡಿನ ದೊಡ್ಡ ಭಾಗ ಈಗ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಅದು ನಿಂತದ್ದು ತಪ್ಪು ಅಂತ ನಾನು ಹೇಳೋಲ್ಲ. ಕಾಡು ನೋಡಿದ ಯಾರೂ ಹೇಳಲಾರರು. ನನ್ನ ತಕರಾರು ಬೇರೆ. ಎರಡು ದಿನ ಗಿರಿಧಾಮದಲ್ಲಿ ಓಡಾಡಿದ ನನ್ನ ಕಣ್ಣಿಗೆ, ಇಲ್ಲಿ ಒಂದು ಗಣಿ ಇತ್ತು, ಈ ಅದಿರಿನಿಂದಲೇ ಭದ್ರಾವತಿಯಲ್ಲಿ ಕಬ್ಬಿಣ ಆಯ್ತು ಅಂತ ಹೇಳೋ ಒಂದು ಬೋರ್ಡ್ ಬೀಳಲಿಲ್ಲ.

ಮತ್ತೆ ಸ್ಪೇನ್ ಮಾತು ತೆಗೆದೆ ಅಂತ ಬೇಜಾರಾಗಬೇಡಿ. ಗ್ರಾನಡಾ ಇರೋ ಆಂಡಲೂಸಿಯಾ ಪ್ರಾಂತ್ಯದಲ್ಲೇ ರಿಯೋ ಟಿಂಟೊ ಅಂತ ಒಂದು ನದಿ ಇದೆ. ಕಬ್ಬಿಣ, ಆಮ್ಲ ಸೇರಿ ನೀರೇ ಕೆಂಪು. 1873ರಲ್ಲಿ ಬ್ರಿಟಿಷ್ ಕಂಪನಿ ಬಂದು ಅಲ್ಲಿನ ಗಣಿಗಳನ್ನ ಕೊಂಡಿತು. ಅಲ್ಲಿ ಹಳೇ ಗಣಿ ರೈಲಲ್ಲೇ ಈಗ ಪ್ರವಾಸಿಗಳನ್ನ ಕೂರಿಸಿಕೊಂಡು ಆ ಕೆಂಪು ನದಿ ಪಕ್ಕ ಕರೆದೊಯ್ತಾರೆ. ಮ್ಯೂಸಿಯಂ ಇದೆ. ಅಗೆದು ಬಿಟ್ಟ ಜಾಗವೇ ಅಲ್ಲಿ ನೋಡೋ ಜಾಗ. ನಮ್ಮಲ್ಲಿ ಗುಲಾಬಿ ತೋಟ ಚೆನ್ನಾಗಿದೆ, ಗುಂಡಿ ಮಾತ್ರ ಹೆಸರಲ್ಲಷ್ಟೇ ಉಳಿದಿದೆ.

ಲಂಟಾನದ ಹಿಂದೆ

ಬೆಳಗ್ಗೆ ಆರಕ್ಕೆ ಎದ್ದು ಹೊರಗೆ ಬಂದರೆ ಕಣ್ಣ ಮುಂದಿನ ಕಾರೂ ಕಾಣದ ಮಂಜು. ಅಪ್ಪ ಆಗಲೇ ಶಾಲು ಹೊದ್ದು, ಕ್ಯಾಂಟೀನ್ ಕಾಫಿ ಹಿಡಿದು ಕೂತಿದ್ದರು.

ಗಿರಿಧಾಮದ ಸರ್ಕಾರಿ ಹೆಸರು ಶ್ರೀ ಕೃಷ್ಣರಾಜೇಂದ್ರ ಗಿರಿಧಾಮ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ಇಲ್ಲಿ ಬಂದು ತಂಗುತ್ತಿದ್ದರಂತೆ. ಆ ಹೆಸರು ಅದಕ್ಕೆ. ಈಗ ನೋಡಿಕೊಳ್ಳೋದು ತೋಟಗಾರಿಕೆ ಇಲಾಖೆ. ಮೇಲ್ಗಡೆ ರಾಜಭವನ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ತೋಟ, ರಾಕ್ ಗಾರ್ಡನ್, ಗುಲಾಬಿ. ನಿಜವಾಗ್ಲೂ ಚಂದ ಇದೆ. ಮಂಜು ಸರಿದಾಗ ರಾಜಭವನದ ಮುಂದೆ ನಿಂತರೆ ಕೆಳಗಿನ ಬಯಲು, ಕೆರೆಗಳು ಒಂದೊಂದಾಗಿ ಬೆಳಗುತ್ತವೆ. ವಾರಾಂತ್ಯವಾಗಿದ್ದರಿಂದ ಸೆಲ್ಫಿ ಸಾಲು ಮಾತ್ರ ಉದ್ದ ಇತ್ತು.

ಅಪ್ಪ ತೋಟದ ಕಡೆ ತಿರುಗಿಯೂ ನೋಡಲಿಲ್ಲ. ಗಿಡಗಳಿಗೆ ಪಾತಿ ಮಾಡ್ತಿದ್ದ ವಯಸ್ಸಾದ ಮಾಲಿಯೊಬ್ಬರ ಹತ್ತಿರ ಹೋಗಿ, "ಯಜಮಾನ್ರೇ, ಹಳೇ ಲೈನ್ ಮನೆಗಳು ಯಾವ ಕಡೆ ಬರುತ್ತೆ?" ಅಂತ ಕೇಳಿದರು.

ಆತ ಕುಡುಗೋಲು ಕೆಳಗಿಟ್ಟು ಅಪ್ಪನನ್ನ ಮೇಲಿಂದ ಕೆಳಗೆ ನೋಡಿದರು. "ಯಾವ ಲೈನ್ ಸ್ವಾಮಿ? ಗಣಿಯವರದ್ದಾ?"

"ಹೂಂ. ರೋಪ್‌ವೇ ಕಡೆಯದ್ದು."

"ಈಗೇನೂ ಇಲ್ಲ ಬಿಡಿ. ಗೋಡೆ ಬಿದ್ದೋಗಿ, ಲಂಟಾನ ಬೆಳ್ಕಂಡೈತೆ. ಆ ಕಡೆ ಒಳಕ್ಕೆ ಬಿಡಾಕಿಲ್ಲ, ಕಾಡಿನೋರು ಬೈತಾರೆ. ಬೇಕಾದ್ರೆ ರಸ್ತೇಲೇ ನಿಂತು ನೋಡ್ಕಂಡು ಬನ್ನಿ" ಅಂತ ಕೈ ತೋರಿಸಿದರು. ಆಮೇಲೆ, "ತಾವು ಅಲ್ಲಿ ಇದ್ದೋರಾ?" ಅಂದರು.

"ಚಿಕ್ಕೋನಿದ್ದಾಗ."

"ಹಂಗಾದ್ರೆ ನಿಂತ್ಕಳಿ" ಅಂತ ಆತ ಕೈ ತೊಳೆದುಕೊಂಡು ನಮ್ಮ ಜೊತೆಯೇ ಬಂದರು. ಅರ್ಧ ಕಿಲೋಮೀಟರ್ ಇರಬಹುದು. ಅಪ್ಪ ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ನನ್ನ ಭುಜದ ಮೇಲೆ ಇಟ್ಟು ನಡೆದರು. ಡಾಕ್ಟರ್ ಹೇಳಿದ್ದನ್ನ ನಾನು ಎರಡು ಸಲ ನೆನಪಿಸಿದೆ. ಎರಡನೇ ಸಲ ಅಪ್ಪ ಉತ್ತರಾನೇ ಕೊಡಲಿಲ್ಲ.

ನೋಡೋಕೆ ಏನೂ ಇರಲಿಲ್ಲ, ನಿಜ. ಪೊದೆ, ಪೊದೆಯ ಮಧ್ಯೆ ಒಂದೆರಡು ಕಡೆ ಕಲ್ಲಿನ ಪಾಯ, ಹಿಂದೆ ಕಡಿದಾದ ಕೆಂಪು ಬರೆ. ಅಷ್ಟು ನೇರವಾಗಿ ಮಳೆ ಕಡಿಯೋಲ್ಲ, ಅದು ಮನುಷ್ಯರು ಅಗೆದದ್ದು ಅಂತ ನೋಡಿದರೇ ಗೊತ್ತಾಗುತ್ತೆ. ಅದರ ಮೇಲೆಲ್ಲ ಜರೀಗಿಡ.

ಅಪ್ಪ ಪಾಯ ಎಣಿಸ್ತಿದ್ದರು. "ಒಂದು, ಎರಡು... ಮೂರನೇದು ನಮ್ಮದು ಇರಬೇಕು. ಅಲ್ಲ, ಆ ಕಡೆಯಿಂದ ಎಣಿಸಬೇಕೇನೋ." ಮಾಲಿ, "ಯಾವ್ದಾದ್ರೂ ಒಂದು ನಿಮ್ದೇ ಬಿಡಿ" ಅಂದರು. ಮೂವರೂ ನಕ್ಕೆವು.

ಅಲ್ಲಿ ನಿಂತೇ ಅಪ್ಪ ಮಾತಾಡಿದ್ದು. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದೆ, ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತಿದ್ದದ್ದು. ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಕತ್ತಲಲ್ಲೇ ಪಾಳಿಗೆ ಹೋಗ್ತಿದ್ದದ್ದು. ಸಂಜೆ ಬಂದ ಅಜ್ಜನ ಕಾಲಿಂದ ಉಂಬಳ ಕೀಳೋದು ಅಪ್ಪನ ಕೆಲಸ; ಉಪ್ಪಿನ ಗಂಟು ಬಾಗಿಲ ಮೂಲೆಯಲ್ಲೇ ನೇತಾಡ್ತಿತ್ತಂತೆ. ಸಂತೆಗೆ ಲಿಂಗದಹಳ್ಳಿಗೆ ಇಳಿಯಬೇಕು. ಇನ್ನೊಂದು ಮಾತು ಹೇಳಿದರು, "ಶಾಲೆಗೆ ಹಾಕ್ಕೊಂಡು ಹೋಗ್ತಿದ್ದ ನನ್ನ ಬಿಳಿ ಅಂಗಿ ಒಂದು ದಿನಾನೂ ಬಿಳಿ ಇರಲಿಲ್ಲ ಪುಟ್ಟಿ. ಭದ್ರಾವತಿಗೆ ಹೋದ ಮೇಲೆ ಮೇಷ್ಟ್ರು ಕ್ಲಾಸಲ್ಲಿ ಎದ್ದು ನಿಲ್ಲಿಸಿ, ಏನೋ ನಿನ್ನ ಅಂಗಿ, ಪಿಂಕ್ ಕಲರ್ ಅಂದಿದ್ರು. ಎಲ್ಲ ನಕ್ಕರು. ಅವತ್ತಿಂದ ನಾನು ಕೆಮ್ಮಣ್ಣುಗುಂಡಿಯವನು ಅಂತ ಯಾರಿಗೂ ಹೇಳಲಿಲ್ಲ."

ಫಾರ್ಮ್‌ಗಳಲ್ಲಿ ಭದ್ರಾವತಿ ಅಂತ ನಾನು ಬರೆದದ್ದು ಇದರಿಂದಲೇ ಶುರು ಇರಬೇಕು.

ಅಲ್ಹಂಬ್ರಾದಲ್ಲಿ ಗೈಡ್ ಹೇಳಿದ್ದು ಆಗ ನೆನಪಾಯ್ತು. 1829ರಲ್ಲಿ ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ ಅಲ್ಲಿ ಬಂದು ಉಳಿದಾಗ ಅರಮನೆ ಪಾಳು ಬಿದ್ದಿತ್ತಂತೆ. ಬಡ ಸಂಸಾರಗಳು ಅದರೊಳಗೇ ಒಲೆ ಹೂಡಿದ್ದವು. ಇರ್ವಿಂಗ್ ಅವರ ಜೊತೆ ಕೂತು ಕಥೆ ಕೇಳಿ ಬರೆದ ಪುಸ್ತಕ 1832ರಲ್ಲಿ ಬಂತು, ಆಮೇಲೆ ಜಗತ್ತಿಗೆಲ್ಲ ಅಲ್ಹಂಬ್ರಾದ ಹುಚ್ಚು ಹಿಡೀತು. ಗೈಡ್ ಹೇಳುವಾಗ ನಾನು ಫೋಟೊ ತೆಗೀತಿದ್ದೆ, ಅರ್ಧ ಕಿವಿ ಕೊಟ್ಟಿದ್ದೆ. ಒಂದು ಜಾಗದ ಕಥೆ ಯಾರ ಹತ್ತಿರ ಇರುತ್ತೆ ಅನ್ನೋದು ಇಲ್ಲಿ, ಈ ಪೊದೆ ಮುಂದೆ ನಿಂತಾಗ ತಿಳೀತು.

ಮಾಲಿಗೆ ಅಪ್ಪ ದುಡ್ಡು ಕೊಡೋಕೆ ಹೋದರು. ಆತ ತಗೊಳ್ಳಲಿಲ್ಲ. "ನಮ್ಮಪ್ಪಾನೂ ಇಲ್ಲೇ ಕೂಲಿ ಮಾಡ್ದೋರು ಸ್ವಾಮಿ" ಅಂದು ಹೊರಟುಹೋದರು.

ಝಡ್ ಪಾಯಿಂಟ್‌ಗೆ ಒಬ್ಬಳೇ

ಮಧ್ಯಾಹ್ನ ಅಪ್ಪ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದರು. ನಾನು ಝಡ್ ಪಾಯಿಂಟ್‌ಗೆ ಹೊರಟೆ. ರಾಜಭವನದ ಕಡೆಯಿಂದ ನಡೆದು ಹೋಗಬೇಕು, ನನಗೆ ಮುಕ್ಕಾಲು ಗಂಟೆ ಹಿಡೀತು. ದಾರಿ ಅರ್ಧದಲ್ಲಿ ಶಾಂತಿ ಫಾಲ್ಸ್ ಅಂತ ಸಣ್ಣ ನೀರು ಬೀಳುತ್ತೆ. ಕೊನೆಕೊನೆಗೆ ದಾರಿ ಕಿರಿದಾಗಿ, ಒಂದು ಪಕ್ಕ ಕಣಿವೆ. ಒಳ್ಳೇ ಶೂ ಹಾಕ್ಕೊಳ್ಳಿ. ಮಳೆಗಾಲದಲ್ಲಾದರೆ ಉಂಬಳಕ್ಕೆ ಉಪ್ಪು ಮರೀಬೇಡಿ. ಅಪ್ಪನ ಕಾಲದ ಔಷಧಿ ಈಗಲೂ ನಡೆಯುತ್ತೆ.

ಮೇಲೆ ಹುಲ್ಲುಗಾವಲು. ಬೆಟ್ಟದ ಬೆನ್ನೆಲ್ಲ ಹುಲ್ಲು, ಎರಡು ಬೆನ್ನು ಸೇರೋ ಸಂದಿಯಲ್ಲಿ ಮಾತ್ರ ದಟ್ಟ ಕಾಡು. ಶೋಲಾ ಅಂತಾರೆ. ಬಿದ್ದ ಮಳೆಯನ್ನ ಹುಲ್ಲು ಹಿಡಿದು, ಆ ಕಾಡಿನ ಸಂದಿಗೆ ನಿಧಾನವಾಗಿ ಬಿಡುತ್ತೆ. ಬೇಸಿಗೆಯಲ್ಲೂ ಹಳ್ಳ ಹರಿಯೋದು ಇದರಿಂದಲೇ. ಹನ್ನೆರಡು ವರ್ಷಕ್ಕೊಮ್ಮೆ ಅರಳೋ ನೀಲಿ ಕುರಿಂಜಿಯೂ ಈ ಶ್ರೇಣಿಯ ಹುಲ್ಲಿನ ನೆತ್ತಿಗಳಲ್ಲೇ.

ತುದಿಯಲ್ಲಿ ಗಾಳಿ ಎಷ್ಟಿತ್ತು ಅಂದರೆ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದರೆ ಬರೀ ಬುಸುಬುಸು ಕೇಳಿಸಿತಂತೆ. ಸಿಗ್ನಲ್ ಎರಡು ನಿಮಿಷ ಸಿಕ್ಕಿತ್ತು. "ತಣಿಗೆಬೈಲು ಯಾವ ಕಡೆ ಅಪ್ಪ?" ಅಂತ ಕೂಗಿದೆ. ಏನೋ ಅಂದರು, ಕಟ್ ಆಯ್ತು.

ಅಜ್ಜ ಕೇಳಿದ್ದು

ರಾತ್ರಿ ಚಳಿ ಜೋರಾಯ್ತು. ಎರಡೆರಡು ಕಂಬಳಿ ಹೊದ್ದು ಕೂತಿದ್ದೆವು. ಕರೆಂಟ್ ಹೋಗಿತ್ತು. ಅಪ್ಪ ತಾವಾಗಿಯೇ ಶುರು ಮಾಡಿದರು.

"ನಿಮ್ಮಜ್ಜ ಹೋಗೋ ಮುಂಚೆ ಎರಡು ವರ್ಷ ಒಂದೇ ಮಾತು ಕೇಳ್ತಿದ್ರು. ಒಂದ್ಸಲ ಮೇಲಕ್ಕೆ ಕರ್ಕೊಂಡು ಹೋಗೋ ಅಂತ. ಮೇಲಕ್ಕೆ ಅಂದ್ರೆ ಇಲ್ಲಿಗೆ. ನನಗೆ ಆಗ ಹೊಸ ಬ್ರಾಂಚು, ಪ್ರಮೋಷನ್ನು. ನೀನು ಎರಡು ವರ್ಷದವಳು. ಮಳೆ ಕಳೀಲಿ ಅಂದೆ, ಬೇಸಿಗೆ ಬರಲಿ ಅಂದೆ. ಅಲ್ಲೇನಿದೆ ನೋಡೋಕೆ, ಗುಂಡಿ ತಾನೇ ಅಂತಲೂ ಒಂದ್ಸಲ ಅಂದುಬಿಟ್ಟೆ."

ನಾನು ಸುಮ್ಮನಿದ್ದೆ.

"ಅವರಿಗೆ ಕೋಪ ಬರಲಿಲ್ಲ. ಗುಂಡೀನೇ ಕಣೋ, ನಾವು ತೋಡಿದ್ದು ಅಂದ್ರು. ಆಮೇಲೆ ಕೇಳಲಿಲ್ಲ."

ಅಜ್ಜ ತೀರಿಕೊಂಡ ಮೇಲೆ ಅಪ್ಪನಿಗೆ ಒಬ್ಬರೇ ಬರೋಕೆ ಮನಸ್ಸಾಗಲಿಲ್ಲವಂತೆ. ಎಷ್ಟೋ ಸಲ ಶಿವಮೊಗ್ಗದ ರೈಲಲ್ಲಿ ತರೀಕೆರೆ ದಾಟಿದ್ದಾರೆ. ಕಿಟಕಿಯಿಂದ ಬೆಟ್ಟ ಕಾಣುತ್ತೆ. ಇಳಿದದ್ದಿಲ್ಲ.

ನಾನು ಕ್ಯಾನ್ಸಲ್ ಮಾಡಿದ ಮೂರು ಬುಕಿಂಗ್‌ಗಳ ಬಗ್ಗೆ ಅಪ್ಪ ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿ ಇತ್ತು. 2023ರ ಜನವರಿಯಲ್ಲಿ ಭದ್ರಾವತಿ ಕಾರ್ಖಾನೆ ಮುಚ್ಚೋ ತೀರ್ಮಾನದ ಸುದ್ದಿ ಬಂದ ದಿನ, ಅಪ್ಪ ಪೇಪರ್ ಮಡಚಿಟ್ಟು ವಾಕಿಂಗ್‌ಗೂ ಹೋಗದೆ ಕೂತಿದ್ದರು. ಸರಿಯಾಗಿ ನೂರು ವರ್ಷಕ್ಕೆ ಬಂದ ಸುದ್ದಿ. ಅವತ್ತು ನಾನು ಲ್ಯಾಪ್‌ಟಾಪ್ ಮುಂದೆ ಇದ್ದೆ, ಏನಾಯ್ತು ಅಂತ ಕೇಳಿರಲಿಲ್ಲ. ಕತ್ತಲಲ್ಲಿ ಕೂತಾಗ ಅದೂ ನೆನಪಾಯ್ತು.

ಇಳಿಯೋ ದಾರಿ

ಮರುದಿನ ಹೆಬ್ಬೆ ಫಾಲ್ಸ್ ಬಿಟ್ಟೆವು. 168 ಮೀಟರ್ ಎತ್ತರದಿಂದ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಅಂತ ಎರಡು ಹಂತದಲ್ಲಿ ಬೀಳೋ ನೀರು ಅದು. ಅಲ್ಲಿಗೆ ನಿಮ್ಮ ಕಾರು ಹೋಗೋಲ್ಲ. ಜೀಪಲ್ಲಿ ಕಾಡು, ಕಾಫಿ ತೋಟದ ಹೊಂಡದ ದಾರಿಯಲ್ಲಿ ಕುಲುಕಿಸಿಕೊಂಡು ಹೋಗಿ, ಮತ್ತೆ ನಡೆಯಬೇಕು. ಬೆನ್ನು, ಮಂಡಿ ಗಟ್ಟಿ ಇರೋರಿಗೆ ಸರಿ. ಅಪ್ಪ ಜೀಪ್ ನೋಡಿಯೇ ಕೈ ಮುಗಿದರು.

ಬದಲಿಗೆ ಹತ್ತು ಕಿಲೋಮೀಟರ್ ಕೆಳಗಿನ ಕಲ್ಲತ್ತಿಗಿರಿಯಲ್ಲಿ ನಿಂತೆವು. 122 ಮೀಟರ್ ಮೇಲಿಂದ ಬಂಡೆ ಮೇಲೆ ಜಾರಿಕೊಂಡು ಬರೋ ನೀರು, ಬಂಡೆ ಸಂದಿಯಲ್ಲೇ ವೀರಭದ್ರನ ಗುಡಿ, ಮುಂದೆ ಕಲ್ಲಿನ ಆನೆಗಳು. ವಿಜಯನಗರ ಕಾಲದ್ದು. ಜನ ಜಾಸ್ತಿ, ಶಾಂಪೂ ಪೊಟ್ಟಣ ಇನ್ನೂ ಜಾಸ್ತಿ. ಆದರೂ ಅಪ್ಪ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟು ಅರ್ಧ ಗಂಟೆ ಅಲ್ಲಾಡಲಿಲ್ಲ.

ತರೀಕೆರೆಯಿಂದ ಒಂದ್ಸ್ವಲ್ಪ ಸುತ್ತಾದರೂ ಅಮೃತಾಪುರ ನೋಡಿ ಬನ್ನಿ. ಎರಡನೇ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಹೊಯ್ಸಳ ದೇವಸ್ಥಾನ. ಬೇಲೂರು, ಹಳೇಬೀಡಿನ ನೂಕುನುಗ್ಗಲು ಇಲ್ಲ. ನಾವು ಹೋದಾಗ ಒಳಗೆ ನಾವಿಬ್ಬರೇ.

ಹೋಗೋರಿಗೆ ಇನ್ನೆರಡು ಮಾತು. ಮೇಲೆ ಉಳಿಯೋಕೆ ತೋಟಗಾರಿಕೆ ಇಲಾಖೆಯ ಕೊಠಡಿಗಳಿವೆ. ಫೈವ್ ಸ್ಟಾರ್ ನಿರೀಕ್ಷೆ ಇಟ್ಕೋಬೇಡಿ, ಬಿಸಿನೀರು ಬಂದರೆ ಖುಷಿ ಪಡಿ. ಶನಿವಾರಕ್ಕೆ ಸಿಗಬೇಕಾದರೆ ಮುಂಚೇನೇ ಬುಕ್ ಮಾಡಬೇಕು. ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೇ ಕಾಲ. ಪೆಟ್ರೋಲ್, ಔಷಧಿ, ಕ್ಯಾಶ್ ಎಲ್ಲ ತರೀಕೆರೆಯಲ್ಲೇ ಮುಗಿಸಿಕೊಳ್ಳಿ. ಮತ್ತೆ, ನಿಮ್ಮ ಮನೇಲೂ ತರೀಕೆರೆ, ಭದ್ರಾವತಿ ಕಡೆಯ ಹಿರಿಯರಿದ್ದರೆ ಹೊರಡೋ ಮುಂಚೆ ಒಮ್ಮೆ ಕೇಳಿ ನೋಡಿ. ಆ ರೋಪ್‌ವೇ ನೋಡಿದವರು ಇನ್ನೂ ಇದ್ದಾರೆ.

ಬೆಂಗಳೂರು ಮುಟ್ಟಿದಾಗ ರಾತ್ರಿ ಹನ್ನೊಂದು. ಬೆಳಗ್ಗೆ ಬಚ್ಚಲಿನಿಂದ ಅಮ್ಮನ ದನಿ. ಅಪ್ಪನ ಬಿಳಿ ಸಾಕ್ಸ್, ಪಂಚೆ ನೆನೆಹಾಕಿದ ಬಕೆಟ್ಟಿನ ನೀರೆಲ್ಲ ಕೆಂಪಗಾಗಿತ್ತು. "ಎರಡು ಸಲ ಉಜ್ಜಿದೆ, ಹೋಗ್ತಾನೇ ಇಲ್ವಲ್ಲ ಇದು. ಬ್ಲೀಚ್ ಹಾಕ್ಲಾ?" ಅಂತಿದ್ದಳು.

"ಬಿಡೇ, ಅದು ಹೋಗಲ್ಲ" ಅಂದರು ಅಪ್ಪ, ಪೇಪರಿನಿಂದ ತಲೆ ಎತ್ತದೆ. "ನಮ್ಮಮ್ಮಾನೂ ನೋಡಿದಾಳೆ."